ಓಡೋ ಹಳಿ ಪಕ್ಕಕ್ಕ ಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ರೈಲ್ವೆ ಡಬ್ಲಿಂಗ್, ಅಂದ್ರ ಒಂದ ಲೈನ್ ಇದ್ದಲ್ಲಿ ಬಗಲಾಗ ಇನ್ನೊಂದ ಹಾಕೋ ಕೆಲಸದ ಸೈಟ್‌ಗಳಾಗ ಸೇಫ್ಟಿ ನೋಡ್ಕೊಳ್ಳೋ ಮನಷ್ಯಾ. ಬಾಗಲಕೋಟಿ, ಬಿಜಾಪುರ, ಬೆಳಗಾವಿ ಮೂರೂ ಕಡೆ ದುಡದೀನಿ. ಚಾದಂಗಡ್ಯಾಗ ಊರ ಮಂದಿ, ವಾಟ್ಸಾಪ್‌ನಾಗ ಡಿಪ್ಲೊಮಾ ಮುಗಿಸಿದ ಹುಡುಗ್ರು, ಸೈಟ್‌ನಾಗ ಜೆಸಿಬಿ ಆಪರೇಟರ್‌ಗಳು, ಎಲ್ಲಾರೂ ಹೊಳ್ಳಿ ಹೊಳ್ಳಿ ಅದ ಪ್ರಶ್ನೆ ಕೇಳ್ತಾರ, ನಾನೂ ಹೊಳ್ಳಿ ಹೊಳ್ಳಿ ಅದ ಉತ್ತರ ಹೇಳಿ ಸಾಕಾಗೇತಿ. ಅದಕ್ಕ ಒಂದ ಕಡೆ ಬರದಿಡ್ತೀನಿ. ಸರಳ ಇರೋವು ಮೊದ್ಲ, ತಲಿ ಕೆಡಿಸೋವು ಆಮ್ಯಾಲ.

## ಊರ ಮಂದಿ ಕೇಳೋವು

ಗಾಡಿ ಬಂದ್ ಮಾಡಿ ಆರಾಮ ಕೆಲಸ ಮಾಡಬಾರ್ದೇನ್ರಿ? ಗಾಡಿ ಓಡೋ ಮುಂದ ಯಾಕ ಜೀವ ಪಣಕ್ಕ ಇಡ್ತೀರಿ?

ಬಂದ್ ಮಾಡಿದ್ರ ಎಲ್ಲಿಂದ ಬಿಡ್ತೀರಿ ಹೇಳ್ರಿ. ಗದಗ-ಹೋಟಗಿ ಲೈನ್ 284 ಕಿಲೋಮೀಟರ್, ಮೊದಲಿಂದ ಸಿಂಗಲ್ ಲೈನು. ಬಾದಾಮಿ, ಬಾಗಲಕೋಟಿ, ಆಲಮಟ್ಟಿ, ಬಿಜಾಪುರ, ಇಂಡಿ ಮಂದಿಗೆಲ್ಲಾ ಅದೊಂದ ದಾರಿ, ಕೂಡಗಿ ಪವರ್ ಪ್ಲಾಂಟಿಗೆ ಕಲ್ಲಿದ್ದಲು ಹೋಗೋದೂ ಅದರ ಮ್ಯಾಲ. ಲೋಂಡಾ-ಮೀರಜ್ 186 ಕಿಲೋಮೀಟರಿಂದೂ ಇದ ಕಥಿ, ಬೆಳಗಾವಿ ನಡಬರಕ ಬರ್ತೈತಿ. ಹೊಸ ಹಳಿ ಹಾಕೋದು ಹಳೇದರ ಬಗಲಾಗ, ಎರಡೂ ಹಳಿಗಳ ನಡುಮಧ್ಯದಿಂದ ನಡುಮಧ್ಯಕ್ಕ 5.3 ಮೀಟರ್ ಅಂತರ. ಅಂದ್ರ ಹೊಸ ಹಳಿ ಕೆಲಸ ಮಾಡೋರು ಹಳೇ ಹಳಿ ಗಾಡಿ ಗಾಳಿಯೊಳಗ ನಿಂತಂಗ. ವರ್ಷಗಟ್ಟಲೆ ಗಾಡಿ ನಿಲ್ಸಾಕ ಬರಂಗಿಲ್ಲ, ಹಂಗಾಗಿ ಅಪಾಯ ತಗದ ಒಗ್ಯಾಕ ಆಗದ್ದಕ್ಕ ಅದರ ಜೋಡಿ ಬಾಳೇ ಮಾಡೋದು ಕಲೀಬೇಕು, ಇಷ್ಟ ನಮ್ಮ ಕೆಲಸ.

ಗಾಡಿ ಸಪ್ಪಳ ದೂರದಿಂದನ ಕೇಳ್ತೈತಲ್ಲ, ಆವಾಗ ಸರದ ನಿಂತ್ರ ಆತಲ್ಲ?

ಇದನ್ನ ಕೇಳದ ಇರೋ ಹೊಸ ಹುಡುಗ ಇನ್ನೂ ಸಿಕ್ಕಿಲ್ಲ ನನಗ. ಡೀಸೆಲ್ ಇಂಜಿನ್ ಕಾಲದಾಗ ಗುಡುಗುಡು ಅಂತ ಕೇಳ್ತಿತ್ತು, ಹೊಗಿ ಕಾಣ್ತಿತ್ತು, ಈಗ ಕರೆಂಟ್ ಇಂಜಿನ್. ಬೆಳಗಾವಿಗೆ ವಂದೇ ಭಾರತ್ ಬರ್ತೈತಲ್ಲ, ಅದು ಮುಂದಿಂದ ಬರೋ ಮುಂದ ಸಪ್ಪಳ ಭಾಳ ಕಮ್ಮಿ, ಬಾಜೂಕ ಬಂದ್ಮ್ಯಾಲನ ಜೋರ. ಲೆಕ್ಕ ಹಾಕ್ರಿ: ಗಂಟೆಗೆ 110 ಅಂದ್ರ ಸೆಕೆಂಡಿಗೆ 30 ಮೀಟರ್ ಮ್ಯಾಲ. ನೀವು ತಿರುಗಿ ನೋಡಿ, "ಏ ಬಂತಲೇ" ಅನ್ನೋದ್ರಾಗ ಅದು 100 ಮೀಟರ್ ಮುಂದ ಬಂದಿರ್ತೈತಿ. ಮ್ಯಾಲಿಂದ ನಿಮ್ಮ ಕೈಯಾಗ ಬ್ರೇಕರ್ ಮಷಿನ್ ಇದ್ರ ಕಿವಿ ಇದ್ದೂ ಇಲ್ಲದಂಗ. ಗಾಳಿ ಎದುರಿಗಿದ್ರ ಹಾರ್ನೂ ಕೇಳಂಗಿಲ್ಲ. ಇನ್ನೊಂದು, ಡಬಲ್ ಲೈನ್ ಆದ ಕಡೆ ಒಂದ ಗಾಡಿ ಹೋಯ್ತು ಅಂತ ಹಳಿ ಮ್ಯಾಲ ಕಾಲಿಡೋ ಮುಂದ ಆ ಸಪ್ಪಳದೊಳಗ ಎರಡನೇ ಗಾಡಿ ಬರ್ತೈತಿ. ಕಿವಿ ನಂಬಿ ಕೆಲಸ ಮಾಡಬ್ಯಾಡ್ರಿ.

ಹೊಸ ಹಳಿ ಮ್ಯಾಲ ಇನ್ನೂ ಗಾಡಿನ ಓಡಂಗಿಲ್ಲ, ಅಲ್ಲೆ ತೊಗರಿ ಒಣಗಸಿದ್ರ ಏನಾತು?

ನಗಬ್ಯಾಡ್ರಿ, ಇದು ಖರೇ ಪ್ರಶ್ನೆ. ಬಿಜಾಪುರ ಕಡೆ ಸುಗ್ಗಿ ಟೈಮ್‌ನಾಗ ಹೊಸ ಲೈನ್ ಖಡಿ ಮ್ಯಾಲ ತಾಡಪತ್ರಿ ಹಾಸಿ ತೊಗರಿ ಹರವಿದ್ದು, ಮೆಕ್ಕಿಜೋಳ ಹರವಿದ್ದು, ಮ್ಯಾಲ ಮುದುಕಿ ಒಬ್ಬಾಕಿ ಕೊಡಿ ಹಿಡದು ಕಾಗಿ ಹೊಡಕೋತ ಕುಂತಿದ್ದು ಎಲ್ಲಾ ನೋಡೀನಿ. ಹಳಿ ತುಕ್ಕ ಹಿಡದೈತಂದ್ರ ಗಾಡಿ ಇಲ್ಲ ಅಂತ ಮಂದಿ ತಿಳ್ಕೊತಾರ. ಆದ್ರ ಖಡಿ ತರೋ ಗಾಡಿ, ಖಡಿ ಒತ್ತೋ ಟ್ಯಾಂಪಿಂಗ್ ಮಷಿನ್, ಮ್ಯಾಲಿನ ವೈರ್ ಕೆಲಸದ ಟವರ್ ವ್ಯಾಗನ್ ಇವು ಹೇಳಿ ಕೇಳಿ ಬರಂಗಿಲ್ಲ, ಟೈಮ್‌ಟೇಬಲ್‌ನಾಗೂ ಇರಂಗಿಲ್ಲ. ಮ್ಯಾಲಿನ ವೈರಿಗೆ ಒಂದ ದಿನ ಕರೆಂಟ್ ಬಿಡ್ತಾರ, ಪೇಪರ್‌ನಾಗ ನೋಟಿಸ್ ಬಂದಿರ್ತೈತಿ, ಓದೋರು ಯಾರು. ಆಮ್ಯಾಲ ಒಂದ ದಿನ ಸ್ಪೀಡ್ ಟ್ರಯಲ್ ಅಂತ ಇಂಜಿನ್ನಿಗೆ ಡಬ್ಬಿ ಹಚ್ಚಿ ಪೂರಾ ಜೋರಿಲೆ ಓಡಸ್ತಾರ. ಅವತ್ತು ತೊಗರಿ ಅಷ್ಟ ಹೋದ್ರ ಪುಣ್ಯ.

ನಮ್ಮ ಹೊಲ ಹಳಿ ಆ ಕಡೆ ಐತಿ. ಕೆಲಸ ನಡದಾಗ ದಾಟಿ ಹೋಗಬಹುದ?

ಗೇಟ್ ಇಲ್ಲಾ ಅಂಡರ್‌ಪಾಸ್ ಬಿಟ್ಟು ಎಲ್ಲೇ ದಾಟಿದ್ರೂ 1989ರ ರೈಲ್ವೆ ಕಾಯ್ದೆ 147ನೇ ಕಲಮಿನ ಪ್ರಕಾರ ಅದು ಅಪರಾಧ, ಕೆಲಸ ನಡದಿರ್ಲಿ ಬಿಡ್ಲಿ. ಕೆಲಸ ನಡದಾಗ ಅಪಾಯ ಇನ್ನೂ ಜಾಸ್ತಿ: ನಿಮಗ ಗೊತ್ತಿರೋ ಕಾಲ್ದಾರಿ ನಿನ್ನೆ ರಾತ್ರಿ ಅಗದಿರ್ತಾರ, ರಾಡ್ ಚಾಚ್ಕೊಂಡಿರ್ತಾವ, ಖಡಿ ಗುಡ್ಡಿ ಅಡ್ಡ ಇದ್ದು ಗಾಡಿ ಕಾಣಂಗಿಲ್ಲ. ಒಂದ ಊರಿನ ದನಕರ ದಾಟೋ ಜಾಗಾ ಬಂದ್ ಆಗ್ತೈತಂದ್ರ ಪಂಚಾಯ್ತಿಯಿಂದ ಸ್ಟೇಷನ್ನಿಗೋ ಸೈಟ್ ಇಂಜಿನಿಯರಿಗೋ ಬರದು ಕೊಡ್ರಿ, ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತೈತಿ.

ಗಾಡಿ ಎಲ್ಲೋ ನಡಬರಕ ಹೊಲದಾಗ ಸೈಕಲ್ಲಿನಂಗ ಹೋಗ್ತೈತಿ, ಯಾಕ?

ಅಲ್ಲೆ ಕಾಷನ್ ಹಾಕಿರ್ತಾರ. ಹಳಿ ಕೆಳಗ ಅಗದ ಜಾಗಾ, ಹೊಸದಾಗಿ ಪ್ಯಾಕಿಂಗ್ ಮಾಡಿದ (ಸ್ಲೀಪರ್ ಕೆಳಗ ಖಡಿ ಒತ್ತಿದ) ಜಾಗಾ ಇದ್ರ 20 ಇಲ್ಲಾ 30ರ ಸ್ಪೀಡಿಗೆ ಕಟ್ಟಿಹಾಕಿರ್ತಾರ. ಡ್ರೈವರಿಗೆ ಸ್ಟೇಷನ್‌ನಾಗ ಕಾಷನ್ ಆರ್ಡರ್ ಅಂತ ಕಾಗದ ಕೊಡ್ತಾರ, ಎಷ್ಟನೇ ಕಿಲೋಮೀಟರಿಂದ ಎಷ್ಟನೇ ಕಿಲೋಮೀಟರ್ ತನಕ ಅಂತ ಅದ್ರಾಗ ಬರದಿರ್ತೈತಿ. ಹಳಿ ಪಕ್ಕಕ್ಕ ಹಳದಿ ಬೋರ್ಡೂ ಇರ್ತಾವ. ಮುಗಿಯೋ ಕಡೆ ಟಿ ಪಿ, ಟಿ ಜಿ ಅಂತ ಎರಡು ಬೋರ್ಡ್ ಯಾಕಂದ್ರ ಪ್ಯಾಸೆಂಜರ್ ಗಾಡಿ ಗಿಡ್ಡ, ಗೂಡ್ಸ್ ಉದ್ದ, ಕಡೀ ಡಬ್ಬಿ ದಾಟೋ ತನಕ ಸ್ಪೀಡ್ ಏರಸಂಗಿಲ್ಲ. ಹತ್ತ ನಿಮಿಷ ಲೇಟ್ ಆಯ್ತು ಅಂತ ಕಿಡಕ್ಯಾಗಿಂದ ಬೈಯ್ಯೋರು ಒಮ್ಮೆ ಕೆಳಗ ನೋಡ್ರಿ, ಮಂದಿ ಬುಟ್ಟಿ ಹಿಡದು ನಿಂತಿರ್ತಾರ.

## ಸೈಟ್‌ನಾಗ ದುಡಿಯೋರು ಕೇಳೋವು

ಓಡೋ ಹಳಿಯಿಂದ ದೂರ ಇರಾಕ 3.5 ಮೀಟರ್, 6 ಮೀಟರ್ ಗೆರಿ ಅಂತಾರಲ್ಲ, ಎಲ್ಲಿಂದ ಅಳೀಬೇಕು?

ಹತ್ತಿರದ ಹಳಿಜೋಡಿಯ ನಡುಮಧ್ಯದಿಂದ. ಪಕ್ಕದ ಹಳಿಯಿಂದಲ್ಲ, ಖಡಿ ಅಂಚಿನಿಂದಂತೂ ಅಲ್ಲವೇ ಅಲ್ಲ. ಬ್ರಾಡ್ ಗೇಜ್ 1676 ಮಿಲಿಮೀಟರ್, ಅದರ ಅರ್ಧ 838. ಅಂದ್ರ 3.5 ಮೀಟರ್ ಗೆರಿ ನಿಮ್ಮ ಕಡೆ ಹಳಿಯಿಂದ ಬರೀ 2.66 ಮೀಟರ್ ದೂರ ಬೀಳ್ತೈತಿ. ಡಬ್ಬಿ ಹಳಿಗಿಂತ ಅಗಲ ಇರ್ತೈತಿ, 3.25 ಮೀಟರ್ ತನಕ ಬಿಟ್ಟಾರ, ಹಂಗಾಗಿ ಗೆರಿ ಮ್ಯಾಲ ನಿಂತೋನಿಗೂ ಡಬ್ಬಿಗೂ ನಡಕ 1.9 ಮೀಟರೂ ಇಲ್ಲ. ಒಬ್ಬ ಮನಷ್ಯಾ ಅಡ್ಡ ಮಲಗಿದಷ್ಟು, ಅಷ್ಟ.

3.5ರ ಒಳಗ ಏನ ಕೆಲಸ ಇದ್ರೂ ಬ್ಲಾಕ್ ತಗೊಂಡ, ಅಂದ್ರ ಗಾಡಿ ನಿಲ್ಲಿಸಿ ಮಾಡಬೇಕು. 6 ಮೀಟರ್ ಒಳಗ ಮಷಿನ್ ಬರ್ತೈತಂದ್ರ ರೈಲ್ವೆದವ್ರ ಅನುಮತಿ, ಅವರ ಮನಷ್ಯಾ ಖುದ್ದ ನಿಂತಿರಬೇಕು, ಗಾಡಿ ಬರೋದ ನೋಡಿ ಎಚ್ಚರ ಕೊಡೋ ಲುಕ್‌ಔಟ್ ಇರಬೇಕು. 3.5ಕ್ಕ ಸುಣ್ಣದ ಗೆರಿ ಎಳೀತಾರ. ಸುಣ್ಣದ ಗೆರಿ ಒಂದ ಮಳಿಗೆ ಹೋಗ್ತೈತಿ, ಮಳಿ ಇರದಿದ್ರೂ ನಾಕ ದಿನ ಡಂಪರ್ ಧೂಳಿಗೆ ಮುಚ್ಚಿಹೋಗ್ತೈತಿ. ಅದಕ್ಕ ಗೆರಿ ಜೋಡಿ ಬಿದಿರು ಗೂಟ ಇಲ್ಲಾ ಪೈಪ್ ಹೊಡದು ಟೇಪ್ ಕಟ್ಟಿದ ಬ್ಯಾರಿಕೇಡ್ ಬೇಕು. ಬಿದಿರು ರಾತ್ರಿ ಕಳವಾಗ್ತಾವ ಅಂತ ಗುತ್ತೇದಾರ್ರು ಅಳ್ತಾರ, ಆಗ್ತಾವ ಹೌದು, ಮುಂಜಾನೆ ಮತ್ತ ಹೊಡೀರಿ.

ಬ್ಲಾಕ್ ಸಿಕ್ಕೈತಿ ಅಂತ ಮುಕಾದಮ ಹೇಳ್ದ, ಶುರು ಮಾಡ್ಲಾ?

ಮುಕಾದಮನಿಗೆ ಯಾರು ಹೇಳಿದ್ರು? ಅವರಿಗೆ ಯಾರು ಹೇಳಿದ್ರು? ಎಲ್ಲೆ ಬರದೈತಿ? ಈ ಮೂರ ಪ್ರಶ್ನೆ ಕೇಳ್ರಿ. ಬ್ಲಾಕ್ ಅಂದ್ರ ಇಂತಿಷ್ಟ ಗಂಟೆಯಿಂದ ಇಂತಿಷ್ಟ ಗಂಟೆ ತನಕ ಆ ತುಂಡು ಲೈನಿನಾಗ ಗಾಡಿ ಬಿಡಂಗಿಲ್ಲ ಅಂತ ಗಾಡಿ ಓಡಾಟ ನಡಸೋ ಕಂಟ್ರೋಲ್ ಆಫೀಸ್ ಒಪ್ಪಿ, ಸ್ಟೇಷನ್ ಮಾಸ್ತರ್ ಮತ್ತ ರೈಲ್ವೆದ ಇಂಜಿನಿಯರ್ ಪ್ರೈವೇಟ್ ನಂಬರ್ (ಮಾತು ಖಾತ್ರಿ ಮಾಡೋ ಗುಟ್ಟಿನ ನಂಬರ್) ಅದಲಾಬದಲಿ ಮಾಡಿ, ಟೈಮ್ ಸಮೇತ ಬರಕೊಂಡಿದ್ದು. ಆ ಕಾಗದ ಇಂಜಿನಿಯರ್ ಕೈಯಾಗ ಬಂದು, ಎರಡೂ ಕಡೆ ಕೆಂಪ ಬ್ಯಾನರ್ ನಿಂತ ಮ್ಯಾಲ ಬ್ಲಾಕ್ ಶುರು. ಬ್ಲಾಕ್ 11ಕ್ಕ ಅಂತ ನಿನ್ನೆ ಪ್ಲಾನ್‌ನಾಗ ಇತ್ತು ಅಂದ್ರ ಇವತ್ತ 11ಕ್ಕ ಸಿಕ್ಕೈತಿ ಅಂತಲ್ಲ, ಮುಂದಿನ ಗಾಡಿ ಲೇಟ್ ಇದ್ರ ಬ್ಲಾಕೂ ಲೇಟ್.

ನನ್ನ ಮಟ್ಟಿಗೆ ಹೇಳ್ತೀನಿ, ಹಳಿ ಮ್ಯಾಲ ಮಂದಿ ಸಾಯೋದು ಗಾಡಿ ಬಂದದ್ದಕ್ಕಲ್ಲ, "ಈಗ ಗಾಡಿ ಇಲ್ಲ" ಅಂತ ಯಾರೋ ಯಾರಿಗೋ ಹೇಳಿದ್ದಕ್ಕ.

ಜೆಸಿಬಿ ಆಪರೇಟರ್ ಅದೀನಿ, ನನಗ ಹತ್ತ ವರ್ಷ ಅನುಭವ ಐತಿ. ರೈಲ್ವೆ ಸೈಟಿಗೆ ಬ್ಯಾರೆ ಸರ್ಟಿಫಿಕೇಟ್ ಯಾಕ?

ಹತ್ತ ವರ್ಷದ ಅನುಭವ ಕೆರಿ ಹೂಳ ತಗದಿದ್ದು, ಲೇಔಟ್ ಸಮ ಮಾಡಿದ್ದು. ಅಲ್ಲೆ ಬಕೆಟ್ ಯಾವ ಕಡೆ ತಿರುಗಿಸಿದ್ರೂ ಗಾಳಿಗೆ ಬಡೀತೈತಿ, ಇಲ್ಲೆ ಒಂದ ಕಡೆ ಗಾಡಿ, ಮ್ಯಾಲ ಕರೆಂಟ್, ಕೆಳಗ ಕೇಬಲ್. ಅದಕ್ಕ ರೈಲ್ವೆದವ್ರು ಗುತ್ತೇದಾರನ ಸೂಪರ್‌ವೈಸರಿಗೂ ಆಪರೇಟರಿಗೂ ತಿಳಿಸಿಹೇಳಿ, ಪರೀಕ್ಷೆ ತಗೊಂಡು ಕಾಂಪಿಟೆನ್ಸಿ ಸರ್ಟಿಫಿಕೇಟ್ ಕೊಡ್ತಾರ.

ಆಲಮಟ್ಟಿ ಆಚಿ ಕಡೆ ಒಂದ ಸೈಟ್‌ನಾಗ ಆದದ್ದು, ಕಂಪನಿ ಹೆಸರು ಬ್ಯಾಡ. ಎಕ್ಸ್‌ಕವೇಟರ್ ಹಳಿಗುಂಟ ಮುಖ ಮಾಡಿ ನಿಂತು ಮುಂದ ಅಗೀತಿತ್ತು, ಬಕೆಟ್ ಹಳಿ ಕಡೆ ಹೋಗೋ ಮಾತ ಇಲ್ಲ ಅಂತ ಎಲ್ಲಾರೂ ನಿಶ್ಚಿಂತಿ, ನಾನೂ. ಮಣ್ಣ ಡಂಪರಿಗೆ ಹಾಕಾಕ ಅವ ಅಡ್ಡ ತಿರುಗಿದ, ಬಕೆಟ್ ಹೊಲದ ಕಡೆ ಹೋತು, ಹಿಂದಿನ ಭಾರದ ಕುಂಡಿ ಭಾಗ ಗೆರಿ ದಾಟಿ ಹಳಿ ಕಡೆ ಬಂತು. ಗೂಡ್ಸ್ ಬರಾಕತ್ತಿತ್ತು. ಲುಕ್‌ಔಟ್ ಹುಡುಗ ಸೀಟಿ ಊದಿದ, ಕ್ಯಾಬಿನ್‌ನಾಗ ಹಾಡು ಹಚ್ಚಿದ್ದ, ಕೇಳ್ಲಿಲ್ಲ. ಹುಡುಗ ಕೈಯಾಗಿನ ಹಸಿರು ಬಾವುಟದ ಕೋಲು ಕ್ಯಾಬಿನ್ ಕಾಚಿಗೆ ಒಗದ. ಅದು ತಾಗಿದ್ದಕ್ಕ ಅವ ಬೈಯಾಕಂತ ತಿರುಗಿ ನೋಡ್ದ, ಗಾಡಿ ಕಂಡ, ಹೊಳ್ಳಿಸಿದ. ಗಾಡಿ ಹೋದ ಮ್ಯಾಲ ಕೆಳಗ ಇಳದು ಅರ್ಧ ತಾಸು ಖಡಿ ಮ್ಯಾಲ ಕುಂತ, ನೀರೂ ಕುಡೀಲಿಲ್ಲ. ಅವತ್ತಿಂದ ನಾನು ಎಲ್ಲೇ ಹೋದ್ರೂ ಮಷಿನ್ನಿನ ಮೂತಿ ಅಳಿಯೂದಿಲ್ಲ, ಕುಂಡಿ ತಿರುಗಿಸಿ ಅಳೀತೀನಿ.

ಕೆಲಸ ಮುಗದ ಮ್ಯಾಲ ಮಷಿನ್ ಹಳಿಯಿಂದ ದೂರ ನಿಲ್ಲಸ್ರಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲ ಕೊಟ್ಟು, ಬಕೆಟ್ ನೆಲಕ್ಕ ಊರಿ, ಚಾವಿ ತಗೊಂಡ ಹೋಗ್ರಿ. ಚಾವಿ ಅದ್ರಾಗ ಬಿಟ್ಟು ಊಟಕ್ಕ ಹೋಗೋ ಚಟ ಭಾಳ ಮಂದಿಗೈತಿ.

ಲುಕ್‌ಔಟ್ ಮ್ಯಾನ್ ಅಂದ್ರ ಸುಮ್ಮ ನಿಂತ್ಕೊಳ್ಳೋ ಕೆಲಸ, ಯಾರನ್ನರ ನಿಲ್ಲಿಸಿದ್ರ ನಡೀತೈತಲ್ಲ?

ಸುಮ್ಮ ನಿಲ್ಲೋದ ಜಗತ್ತಿನಾಗ ಭಾಳ ಕಷ್ಟದ ಕೆಲಸ, ಎರಡ ತಾಸ ನಿಂತ ನೋಡ್ರಿ. ಹಂತಾದ್ದಕ್ಕ ಕಣ್ಣ ಸರಿ ಇರದ ಮುದುಕನ್ನೋ, ಕಾಲ ಮುರಕೊಂಡು ಹಗುರ ಕೆಲಸ ಕೇಳಿದವನ್ನೋ ನಿಲ್ಲಸ್ತಾರ.

ನಾನು ಹಾಕೋ ಲೆಕ್ಕ ಹಿಂಗ: ನನ್ನ ಗ್ಯಾಂಗ್ ಸಾಮಾನ ಸಮೇತ ಹೊರಗ ಬರಾಕ 15 ಸೆಕೆಂಡ್ ಬೇಕು ಅಂತ ಗಡಿಯಾರ ಹಿಡದು ನೋಡ್ತೀನಿ. ಹೊರಗ ಬಂದು ನಿರಾಳ ನಿಲ್ಲಾಕ ಮ್ಯಾಲ 10. ಒಟ್ಟು 25 ಸೆಕೆಂಡ್, 110ರ ಗಾಡಿ ಅಷ್ಟ ಹೊತ್ತಿನಾಗ 764 ಮೀಟರ್ ಬರ್ತೈತಿ. ಅಂದ್ರ ಲುಕ್‌ಔಟ್‌ನವಗ ಎರಡೂ ದಿಕ್ಕಿಗೆ ಅಷ್ಟ ದೂರ ಗಾಡಿ ಕಾಣಬೇಕು. ಖಾನಾಪುರ-ಗುಂಜಿ ಕಡೆ ಅಡವ್ಯಾಗ ತಿರುವಿನಾಗ 200 ಮೀಟರ್ ಕಂಡ್ರ ಹೆಚ್ಚು. ಅಲ್ಲೆ ಮುಂದ ಒಬ್ಬ, ಅವನ ಮುಂದ ಇನ್ನೊಬ್ಬ ಹಂಗ ಸಾಲಾಗಿ ನಿಲ್ಲಸ್ಬೇಕು, ಇಲ್ಲಂದ್ರ ಬ್ಲಾಕ್ ಇಲ್ಲದ ಆ ಕೆಲಸ ಮಾಡೋದ ಬಿಡಬೇಕು. ಬಿಜಾಪುರದ ಬಯಲಿನಾಗ ನೇರ ಲೈನು, ಮೈಲುಗಟ್ಟಲೆ ಕಾಣ್ತೈತಿ ಅಂತಾರ, ಮೇ ತಿಂಗಳ ಮಧ್ಯಾಹ್ನ ಬಿಸಲಗುದರಿ ಏಳ್ತಾವ, ಇಂಜಿನ್ ಐತೋ ನೀರ ಐತೋ ತಿಳಿಯಂಗಿಲ್ಲ.

ಲುಕ್‌ಔಟ್‌ನವನ ಕೈಗೆ ಬ್ಯಾರೆ ಕೆಲಸ ಕೊಡಬ್ಯಾಡ್ರಿ. "ಆ ಸಲಿಕಿ ಇತ್ತ ಕೊಡೋ" ಅಂದ್ರ ಆ ಕ್ಷಣಕ್ಕ ಸೈಟ್‌ನಾಗ ಲುಕ್‌ಔಟ್ ಇಲ್ಲ ಅಂತ ಲೆಕ್ಕ. ಫೋನ್ ಅವನ ಕಡೆ ಇರಂಗೇ ಇಲ್ಲ. ವಾಕಿಟಾಕಿ ಮ್ಯಾಲ ಗಾಡಿ ಬರೋದು ಹೇಳೋ ರಕ್ಷಕ್ ಅನ್ನೋ ಯಂತ್ರ ಗ್ಯಾಂಗ್‌ಮನ್‌ಗಳಿಗೆ ಬಂದಾವ, ಚಲೋನ ಅದಾವ, ಆದ್ರೂ ಕಣ್ಣಿನ ಜಾಗಾ ಅದು ತುಂಬಂಗಿಲ್ಲ.

ಕರೆಂಟ್ ವೈರ್ ಮುಟ್ಟದಿದ್ರ ಏನೂ ಆಗಂಗಿಲ್ಲ, ಹೌದಿಲ್ಲೋ?

ಅಲ್ಲ. ಅದು ಮನಿ ಕರೆಂಟ್ ಅಲ್ಲ, 25 ಸಾವಿರ ವೋಲ್ಟ್, ಹತ್ತರ ಹೋದ್ರ ತಾನ ಜಿಗಿದು ಬರ್ತೈತಿ. 2 ಮೀಟರ್ ಒಳಗ ಮನಷ್ಯಾ ಆಗ್ಲಿ, ಅವನ ಕೈಯಾಗಿನ ಸಾಮಾನ ಆಗ್ಲಿ ಹೋಗಬಾರ್ದು, ಹೋಗಬೇಕಂದ್ರ ಪವರ್ ಬ್ಲಾಕ್ ತಗೊಂಡು, ಎರಡೂ ಕಡೆ ಅರ್ತಿಂಗ್ ಹಾಕಿಸಿ, ಪರ್ಮಿಟ್ ಕಾಗದ ಕೈಗೆ ಬಂದ ಮ್ಯಾಲ. ಟ್ರಾಫಿಕ್ ಬ್ಲಾಕ್ ಬ್ಯಾರೆ, ಪವರ್ ಬ್ಲಾಕ್ ಬ್ಯಾರೆ, ಗಾಡಿ ನಿಂತೈತಂದ್ರ ಕರೆಂಟ್ ನಿಂತೈತಿ ಅಂತಲ್ಲ. ಕರೆಂಟ್ ಬಂದ್ ಮಾಡಿದ ವೈರಿನಾಗೂ ಬಾಜೂ ಲೈನಿಂದ ಇಂಡಕ್ಷನ್ ಆಗಿ ಹೊಡೆಯೋ ಅಷ್ಟ ಕರೆಂಟ್ ಇರ್ತೈತಿ, ಅರ್ತಿಂಗ್ ಅದಕ್ಕನ.

ಸೈಟ್‌ನಾಗ ಆಗೋ ತಪ್ಪು ಅಂದ್ರ 12 ಮೀಟರ್ ಉದ್ದದ ರಾಡ್ ಇಬ್ಬರು ಹೊತ್ತು ತರೋ ಮುಂದ ಒಬ್ಬ ಒಂದ ತುದಿ ನೆಲಕ್ಕ ಊರ್ತಾನ, ಇನ್ನೊಂದ ತುದಿ ಮ್ಯಾಲ ಏಳ್ತೈತಿ. ವೈರ್ ಹಳಿಯಿಂದ ಸುಮಾರು ಐದೂವರಿ ಮೀಟರ್ ಎತ್ತರ, ರಾಡಿಗೆ ಅದು ಏನೂ ಅಲ್ಲ. ಅಲ್ಯೂಮಿನಿಯಂ ಏಣಿ, ಉಕ್ಕಿನ ಟೇಪ್ ಇವನ್ನೆಲ್ಲಾ ಸೈಟ್‌ನಿಂದನ ಓಡಸ್ರಿ. ರೈತರಿಗೂ ಒಂದ ಮಾತ: ಗೇಟ್ ಹತ್ರ ರಸ್ತಿ ಎರಡೂ ಬದಿ ಕಮಾನಿನಂಗ ನಿಲ್ಲಿಸಿದ ಹೈಟ್ ಗೇಜ್ ಇರ್ತೈತಲ್ಲ, 4.67 ಮೀಟರ್, ಕಬ್ಬಿನ ಟ್ರ್ಯಾಕ್ಟರ್ ಅದಕ್ಕ ತಾಗ್ತೈತಿ ಅಂತ ಮ್ಯಾಲ ಒಬ್ಬನ್ನ ಹತ್ತಿಸಿ ಕಬ್ಬ ಒತ್ತಿ ಹಿಡಿಸಿ ದಾಟಸ್ತಾರ. ಆ ಮ್ಯಾಲಿನವನ ತಲಿ ಎಲ್ಲಿರ್ತೈತಿ ಅಂತ ವಿಚಾರ ಮಾಡ್ರಿ.

ಕೇಬಲ್ ಕಟ್ ಆದ್ರ ದಂಡ ಕಟ್ಟಿದ್ರ ಮುಗೀತಲ್ಲ?

ದುಡ್ಡಿನ ಮಾತ ಬಿಡ್ರಿ. ಸಿಗ್ನಲ್ ಕೇಬಲ್ ಕಟ್ ಆದ್ರ ಸಿಗ್ನಲ್ ಕೆಂಪ ಆಗ್ತೈತಿ, ಅದು ಹಂಗ ಕಟ್ಟಿದ್ದು, ಕೆಟ್ರ ಸುರಕ್ಷಿತ ಕಡೆಗೇ ಕೆಡಬೇಕು ಅಂತ. ಆವಾಗ ಗಾಡಿ ನಿಲ್ತಾವ, ಮಾಸ್ತರು ಕಾಗದದ ಮ್ಯಾಲ ಅನುಮತಿ ಬರದು ಗಾಡಿ ಬಿಡಾಕ ಶುರು ಮಾಡ್ತಾರ. ಮಷಿನ್ ನೋಡ್ಕೊತಿದ್ದ ಕೆಲಸ ಮನಷ್ಯಾನ ತಲಿಗೆ ಬರ್ತೈತಿ, ಗಡಿಬಿಡ್ಯಾಗ, ಫೋನ್ ಮ್ಯಾಲ ಫೋನ್. ನಿಮ್ಮ ಬಕೆಟ್ಟಿನ ಒಂದ ಹಲ್ಲು ಮುಂದಿನ ಸ್ಟೇಷನ್‌ನಾಗ ಅಪಾಯ ಹುಟ್ಟಿಸಿತು. ಅಗೆಯೋಕಿಂತ ಮೊದ್ಲ ಸಿಗ್ನಲ್‌ದವ್ರು, ಟೆಲಿಕಾಂದವ್ರು, ಕರೆಂಟ್‌ನವ್ರು ಬಂದು ಕೇಬಲ್ ಎಲ್ಲೆಲ್ಲಿ ಹೋಗ್ಯಾವ ಅಂತ ತೋರಿಸಿ ಗುರ್ತ ಹಾಕಿ ಸಹಿ ಮಾಡಬೇಕು, ಕೇಬಲ್ ಹತ್ರ ಹತ್ರ ಕೈಯಿಲೇ ಅಗೀಬೇಕು. ಹಳೇ ನಕ್ಷಾ ನಂಬಬ್ಯಾಡ್ರಿ, ನಕ್ಷಾದಾಗ ನೇರ ಇದ್ದದ್ದು ನೆಲದಾಗ ಬೇವಿನ ಗಿಡ ಸುತ್ತಿ ಹೋಗಿರ್ತೈತಿ.

ಬಿಜಾಪುರದ ಬಿಸಲಿಗೆ ಹಳಿ ಸೊಟ್ಟ ಆಗ್ತೈತಂತ, ಖರೇ ಏನು?

ಖರೇ. ಈಗಿನ ಹಳಿ ಕಿಲೋಮೀಟರ್‌ಗಟ್ಟಲೆ ಬೆಸುಗಿ ಹಾಕಿದ್ದು, ಹಿಗ್ಗಾಕ ಸಂದಿ ಇಲ್ಲ. ಗಾಳಿ 40 ಡಿಗ್ರಿ ಇದ್ರ ಹಳಿ ಅದಕಿಂತ 15-20 ಡಿಗ್ರಿ ಜಾಸ್ತಿ ಕಾಯ್ತೈತಿ. ಬಿಟ್ಟಿದ್ರ ಒಂದ ಕಿಲೋಮೀಟರ್ ಹಳಿ 30 ಡಿಗ್ರಿ ಏರಿಕಿಗೆ 34 ಸೆಂಟಿಮೀಟರ್ ಉದ್ದ ಆಗ್ತಿತ್ತು. ಬಿಡಂಗಿಲ್ಲ, ಹಿಡದಿಟ್ಟಿರ್ತೈತಿ, ಆ ಸಿಟ್ಟೆಲ್ಲಾ ಹಳಿಯೊಳಗ ಒತ್ತಡ ಆಗಿ ಕುಂದರ್ತೈತಿ, ಒಂದೊಂದ ಹಳ್ಯಾಗ 50 ಟನ್ ದಾಟ್ತೈತಿ. ಹಿಡದಿಟ್ಟಿದ್ದು ಯಾವುದು? ಸ್ಲೀಪರ್ ಬಾಜೂಕಿನ ಖಡಿ. ಹಂಗಾಗಿ ಸುಡೋ ಮಧ್ಯಾಹ್ನ ಖಡಿ ಕೆದರಿದ್ರ ಹಳಿ ಹಾವಿನಂಗ ಹೊರಳ್ತೈತಿ. ಹಳಿ ಕೂಡಿಸಿದಾಗಿನ ಒಂದ ಟೆಂಪರೇಚರ್ ಇರ್ತೈತಿ, ಅದಕಿಂತ 10 ಡಿಗ್ರಿ ಮ್ಯಾಲ ಹೋದ್ರ ಆ ಹಳಿ ಮ್ಯಾಲ ಮಾಮೂಲಿ ಪ್ಯಾಕಿಂಗ್ ಕೆಲಸ ಮಾಡಂಗಿಲ್ಲ. ಬ್ಯಾಸಿಗ್ಯಾಗ ಅಂತಾ ಕೆಲಸ ನಸುಕಿನ್ಯಾಗ ಮುಗಸ್ತಾರ. ಹೊಸ ಲೈನಿನವ್ರು "ನಮ್ಮ ಕೆಲಸಕ್ಕ ಸ್ವಲ್ಪ ಖಡಿ ಹಳೇ ಲೈನಿಂದ ತಗೊಂಡ್ವಿ" ಅಂದಾಗ ನನಗ ಬೆನ್ನಾಗ ನೀರ ಇಳೀತೈತಿ.

ಎರಿಮಣ್ಣ ಗಟ್ಟಿ ಇರ್ತೈತಿ, ಆಸರ ಕೊಡದ ಅಗದ್ರ ಏನಾಗ್ತೈತಿ?

ಬ್ಯಾಸಿಗ್ಯಾಗ ಎರಿಭೂಮಿ ಕಲ್ಲಿನಂಗ, ಬಿರುಕು ಬಿಟ್ಟಿರ್ತೈತಿ, ಕೈ ಇಟ್ರ ಮೊಣಕೈ ತನಕ ಹೋಗ್ತೈತಿ. ಆ ಬಿರುಕಿನಾಗ ಮೊದಲ ಮಳಿ ನೀರ ಇಳದ್ರ ಗ್ವಾಡಿ ಗ್ವಾಡಿನ ಜಾರ್ತೈತಿ. ಹೊಸ ಏರಿ ಸಲುವಾಗಿ ಹಳೇ ಏರಿ ಬುಡ ಅಗೆಯೋ ಮುಂದ ಬಾಜೂಕ ಗೂಡ್ಸ್ ಹೋಗ್ತಿರ್ತೈತಿ, ನೆಲ ನಡಗ್ತಿರ್ತೈತಿ. ಮೆಟ್ಟಿಲ ಮೆಟ್ಟಿಲಾಗಿ ಕಡೀರಿ, ಉದ್ದಕ್ಕ ಒಮ್ಮೆಲೆ ತೆರೀಬ್ಯಾಡ್ರಿ, ಸ್ವಲ್ಪ ಅಗದು ಸ್ವಲ್ಪ ತುಂಬಿ ಮುಂದ ಹೋಗ್ರಿ, ಬಿರುಕಿನ ಎರಡೂ ಬದಿ ಗೂಟ ಹೊಡದು ದಾರ ಕಟ್ಟಿ ದಿನಾ ನೋಡ್ರಿ. ಜೂನ್ ಬಂದ್ರ ತೆರದ ತಗ್ಗು ಇರಬಾರ್ದು.

## ಸೂಪರ್‌ವೈಸರ್, ಇಂಜಿನಿಯರ್ ಹುಡುಗ್ರು ಕೇಳೋವು

ಅಪಾಯ ಅಂದಾಜು ಮಾಡೋ ರಿಸ್ಕ್ ಅಸೆಸ್‌ಮೆಂಟ್ ಅಂದ್ರ ಐದು ಗುಣಿಲೆ ಐದು ಟೇಬಲ್ ತುಂಬೋದ ಅಲ್ಲೇನು?

ಟೇಬಲ್ ತುಂಬಾಕ ಒಂದ ತಾಸು ಸಾಕು, ಹೋದ ಸೈಟಿಂದು ಕಾಪಿ ಹೊಡದ್ರ ಐದ ನಿಮಿಷ. ಒಮ್ಮೆ ಬೆಳಗಾವಿ ಕಡೆ ಸೈಟಿನ ಕಾಗದದಾಗ ಸಮುದ್ರದ ಅಲೆ ಅಪಾಯ ಅಂತ ಬರದಿದ್ದು ನೋಡೀನಿ, ಕರಾವಳಿ ಯಾವುದೋ ಕೆಲಸದ ಕಾಪಿ.

ಖರೇ ಕೆಲಸ ಇರೋದು ಕ್ರಮದಾಗ. ಮೊದಲ ಪ್ರಶ್ನೆ: ಈ ಕೆಲಸ ಹಳಿ ಹತ್ರನ ಮಾಡಬೇಕಾ? ಬೋಲ್ಟ್ ಜೋಡಿಸೋದು, ರಾಡ್ ಬಗ್ಗಿಸೋದು, ಕಾಂಕ್ರೀಟ್ ತುಂಡು ಎರಕ ಹೊಯ್ಯೋದು ದೂರ ಮಾಡಿ ತಂದ್ರ ಅಷ್ಟ ತಾಸು ಹಳಿ ಹತ್ರ ಮಂದಿ ಇರೋದ ತಪ್ಪತು. ಎರಡನೇದು: ಹತ್ರನ ಮಾಡಬೇಕಂದ್ರ ಬ್ಲಾಕ್‌ನಾಗ ಮಾಡಾಕ ಬರ್ತೈತಾ? ಮೂರನೇದು: ಬ್ಲಾಕ್ ಇಲ್ಲಂದ್ರ ನಡಕ ಗಟ್ಟಿ ಬೇಲಿ ಹಾಕಾಕ ಆಗ್ತೈತಾ? ಅದೂ ಆಗಂಗಿಲ್ಲ ಅಂದ್ರ ಲುಕ್‌ಔಟ್, ಸೀಟಿ, ಜಾಕೆಟ್. ನಮ್ಮಲ್ಲಿ ಭಾಳ ಮಂದಿ ಇದನ್ನ ತಲಿಕೆಳಗ ಹಿಡೀತಾರ, ಜಾಕೆಟ್ ಕೊಟ್ವಿ ಸೇಫ್ಟಿ ಆತು. ಕೇಸರಿ ಜಾಕೆಟ್ ಹಾಕಿದವ್ನು ಡ್ರೈವರಿಗೆ ಚಂದ ಕಾಣ್ತಾನ, ಗಾಡಿ ನಿಲ್ಲಾಕ ಮತ್ತ ಸುಮಾರು ಒಂದ ಕಿಲೋಮೀಟರ್ ಬೇಕ ಬೇಕು.

ಒಂದ ಬ್ಲಾಕ್‌ನಾಗ ಅಂಡರ್‌ಪಾಸ್ ಕೂಡಸ್ತಾರಂತ, ಅಷ್ಟ ಗಡಿಬಿಡಿ ಒಳಗ ಸೇಫ್ಟಿ ಹೆಂಗ?

ನಾಕೈದ ತಾಸಿನ ಬ್ಲಾಕ್‌ನಾಗ ಹಳಿ ಕತ್ತರಿಸಿ, ಸ್ಲೀಪರ್ ಎತ್ತಿ, ಏರಿ ಅಗದು, ಮೊದಲ ಎರಕ ಹೊಯ್ದ ಬಾಕ್ಸ್ ಕ್ರೇನ್‌ಲೆ ಇಳಿಸಿ, ಮಣ್ಣ ತುಂಬಿ, ಹಳಿ ಹೊಳ್ಳಿ ಕೂಡಸೋದು. ನೋಡಾಕ ಜಾತ್ರಿ ಇದ್ದಂಗ ಇರ್ತೈತಿ, ಮಂದೀನೂ ಜಾತ್ರಿ ಹಂಗ ಬರ್ತಾರ, ಅವರನ್ನ ದೂರ ಇಡಾಕ ಹಗ್ಗ, ನಾಕ ಮಂದಿ ಬ್ಯಾರೇನ ಬೇಕು. ಗೆಲ್ಲೋದು ಸೋಲೋದು ಬ್ಲಾಕ್‌ಗಿಂತ ಹದಿನೈದ ದಿನ ಮೊದ್ಲ: ಎರಡನೇ ಕ್ರೇನ್ ಸ್ಟ್ಯಾಂಡ್‌ಬೈ ಐತಾ, ಕ್ರೇನ್ ಕಾಲೂರೋ ನೆಲ ಎರಿಮಣ್ಣಾ, ಪ್ಲೇಟ್ ಹಾಕೀರಾ, ಯಾವ ಹೊತ್ತಿಗೆ ಯಾವ ಹಂತ ಮುಗಿದಿರಬೇಕು, ಮುಗಿದಿರದಿದ್ರ ಎಲ್ಲಿಂದ ಹೊಳ್ಳಬೇಕು. ಹೊಳ್ಳೋ ಜಾಗಾ ಅಂದ್ರ ಹಳಿ ಕತ್ತರಿಸೋಕಿಂತ ಮೊದಲ ಕ್ಷಣ. ಕತ್ತರಿಸಿದ ಮ್ಯಾಲ ಹೊಳ್ಳಾಕ ಬರಂಗಿಲ್ಲ. ಆ ಕ್ಷಣಕ್ಕ ಕ್ರೇನ್ ಶುರು ಮಾಡಿ ತೋರಸ್ರಿ ಅಂತ ಕೇಳ್ರಿ, "ಚಾಲೂ ಐತ್ರಿ ಸಾಹೇಬ್ರ" ಅನ್ನೋ ಮಾತ ಸಾಕಾಗಂಗಿಲ್ಲ.

ಮಳಿಗಾಲದಾಗ ಆ ಅಂಡರ್‌ಪಾಸ್‌ನಾಗ ನೀರ ನಿಲ್ಲೋದು ಯಾಕಂತ ಕೇಳಬ್ಯಾಡ್ರಿ, ಅದು ಬ್ಯಾರೆ ರಾಮಾಯಣ.

ಬ್ಲಾಕ್ ಮುಗ್ಯಾಕ ಹತ್ತ ನಿಮಿಷ ಐತಿ, ಕೆಲಸ ಮುಗದಿಲ್ಲ. ಏನ್ ಮಾಡ್ಲಿ?

ಫೋನ್ ಎತ್ತಿ "ಮುಗದಿಲ್ಲ" ಅನ್ರಿ. ಬೈತಾರ. ಗಾಡಿ ನಿಲ್ತಾವ, ಮ್ಯಾಲಿನಿಂದ ವಿವರಣೆ ಕೇಳ್ತಾರ. ಕೇಳ್ಲಿ.

2017 ಆಗಸ್ಟ್ 19ಕ್ಕ ಉತ್ತರ ಪ್ರದೇಶದ ಖತೌಲಿ ಒಳಗ ಹಳಿ ಕೆಲಸ ನಡದಿತ್ತು. ಬೇಕಾದ ಬ್ಲಾಕ್ ಸಿಕ್ಕಿರಲಿಲ್ಲ, ಡ್ರೈವರಿಗೆ ಕಾಷನ್ ಇಲ್ಲ, ಮುಂದ ಗಾಡಿ ತಡಿಯೋ ಕೆಂಪ ಬಾವುಟ ಇಲ್ಲ. ಉತ್ಕಲ್ ಎಕ್ಸ್‌ಪ್ರೆಸ್ ಪೂರಾ ಜೋರಿಲೆ ಬಂತು, ಡಬ್ಬಿ ಹಳಿ ಬಿಟ್ಟು ಬಾಜೂಕಿನ ಮನಿಗೆ ಹೊಕ್ಕವು, 20ಕ್ಕೂ ಹೆಚ್ಚ ಮಂದಿ ಸತ್ರು. ಅಲ್ಲಿನ ಹಳಿ ಕೆಲಸದವ್ರೇನೂ ಕೆಲಸ ಬರದವ್ರಲ್ಲ. ಎರಡು ಗಾಡಿ ನಡಕ ಸಣ್ಣ ಕೆಲಸ ಮುಗಸೋದು ಎಲ್ಲಾ ಕಡೆ ಇರೋ ರೂಢಿ, ಒಂದ ದಿನ ಅದು ಕೈಕೊಡ್ತೈತಿ.

ಬ್ಲಾಕ್‌ನಾಗ ಕಡೀ ಹತ್ತ ನಿಮಿಷ ನಾನು ಕೆಲಸ ನೋಡೂದ ಇಲ್ಲ, ಎಣಸ್ತೀನಿ. ಒಳಗ ಹೋದ ಮಂದಿ 42, ಹೊರಗ ಬಂದವ್ರು 42. ಜ್ಯಾಕ್ 6, ಕ್ರೋಬಾರ್ 18. ಒಂದ ಕ್ರೋಬಾರ್ ಕಮ್ಮಿ ಬಂದ್ರ ಅದು ಎಲ್ಲೋ ಹಳಿ ನಡಕ ಬಿದ್ದೈತಿ ಅಂತನ ತಿಳ್ಕೊಂಡು ಹುಡಕಸ್ತೀನಿ.

ಸಿಗ್ನಲ್ ಕೆಲಸ ಬರೀ ವೈರಿಂಗ್, ಅದ್ರಾಗ ಏನ್ ಅಪಾಯ?

ಬಕೆಟ್ಟಿನ ತಪ್ಪು ಕಣ್ಣಿಗೆ ಕಾಣ್ತೈತಿ, ವೈರಿಂದು ಕಾಣಂಗಿಲ್ಲ. 1988 ಡಿಸೆಂಬರ್ 12ಕ್ಕ ಲಂಡನ್ನಿನ ಕ್ಲಾಫಮ್ ಜಂಕ್ಷನ್ ಹತ್ರ 35 ಮಂದಿ ಸತ್ರು. ಸಿಗ್ನಲ್ ಬದಲಿ ಕೆಲಸದಾಗ ಹಳೇ ವೈರ್ ಒಂದ ತುದಿ ಬಿಚ್ಚಿದ್ರು, ಕತ್ತರಿಸಿ ಸುತ್ತಲಿಲ್ಲ, ಅದು ಹೊಳ್ಳಿ ಮೊದಲಿನ ಟರ್ಮಿನಲ್ಲಿಗೆ ತಾಗಿ ಮುಂದ ಗಾಡಿ ನಿಂತಿದ್ರೂ ಸಿಗ್ನಲ್ ಕೆಂಪ ತೋರಸ್ಲಿಲ್ಲ. ಆ ಟೆಕ್ನಿಷಿಯನ್ 13 ವಾರದಾಗ ಒಂದ ದಿನ ಸೂಟಿ ತಗೊಂಡಿದ್ದ. ನಮ್ಮಲ್ಲಿ 2023 ಜೂನ್ 2ಕ್ಕ ಬಾಲಾಸೋರ್ ಹತ್ರ ಬಹನಾಗಾ ಬಜಾರಿನಾಗ ಆದದ್ದೂ ಅದ ಜಾತಿ: ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸಕ್ಕಂತ ಸರ್ಕ್ಯೂಟ್ ಬದಲಿಸಿದ್ರು, ಸಿಗ್ನಲ್ ಮೇನ್ ಲೈನಿಗೆ ಹಸಿರು, ಹಳಿ ಹೊರಳಿಸೋ ಪಾಯಿಂಟ್ ಬಾಜೂಕಿನ ಲೂಪ್ ಲೈನಿಗೆ, ಕೋರಮಂಡಲ್ ಎಕ್ಸ್‌ಪ್ರೆಸ್ ಹೋಗಿ ನಿಂತ ಗೂಡ್ಸಿಗೆ ಬಡೀತು. 290ಕ್ಕೂ ಹೆಚ್ಚ ಜೀವ.

ಹಂಗಾಗಿ ಸಿಗ್ನಲ್ ಗೇರ್ ಮುಟ್ಟೋ ಮೊದಲ ಡಿಸ್‌ಕನೆಕ್ಷನ್ ಮೆಮೋ (ಇದನ್ನ ಬಿಚ್ಚತೀವಿ ಅನ್ನೋ ಕಾಗದ) ಕೊಟ್ಟು ಮಾಸ್ತರ್ ಸಹಿ ತಗೋಬೇಕು, ಮುಗದ ಮ್ಯಾಲ ಪರೀಕ್ಷೆ ಮಾಡಿ ರಿಕನೆಕ್ಷನ್, ಅಂದ್ರ ಹೊಳ್ಳಿ ಜೋಡಿಸೋದು. ಪರೀಕ್ಷೆ ಅಂದ್ರ ಬಲ್ಬ್ ಹತ್ತೈತಾ ನೋಡೋದಲ್ಲ, ಪಾಯಿಂಟ್ ನಿಜವಾಗ್ಲೂ ಎತ್ತ ಹೊರಳೇತಿ ಅಂತ ಒಬ್ಬ ಅಲ್ಲೇ ನಿಂತು ಕಣ್ಣಾರೆ ನೋಡಿ ಹೇಳೋದು. ಮಾಡಿದವ್ನ ಬ್ಯಾರೆ, ತಪಾಸಣೆ ಮಾಡಾಂವ ಬ್ಯಾರೆ ಇರಬೇಕು. ಡಬಲ್ ಡ್ಯೂಟಿ ಮಾಡಿದವನ ಕೈಗೆ ಸ್ಕ್ರೂಡ್ರೈವರ್ ಕೊಡಬ್ಯಾಡ್ರಿ.

ಹೊಸ ಲೈನ್ ಚಾಲೂ ಮಾಡಾಕ ಯಾರು ಒಪ್ಪಬೇಕು?

ರೈಲ್ವೆ ಸುರಕ್ಷತಾ ಆಯುಕ್ತರು, ಸಿಆರ್‌ಎಸ್ ಅಂತಾರ. ಅವರು ರೈಲ್ವೆ ಸಚಿವಾಲಯದ ಕೆಳಗಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗ. ಕೆಲಸ ಮಾಡಿದವ್ರ ಪಾಸ್ ಮಾಡ್ಕೋಬಾರ್ದು ಅಂತ. ಓಡೋ ಲೈನ್ ಮ್ಯಾಲ ಗರ್ಡರ್ ಇಡೋವಂತಾ ಕೆಲಸಕ್ಕೂ ಮೊದಲ ಅವರ ಮಂಜೂರಿ ಬೇಕು.

ದಿನಗೂಲಿ ಹುಡುಗನಿಗೆ ಪೆಟ್ಟಾದ್ರ ಗುತ್ತೇದಾರ ಕೈ ತೊಳ್ಕೊಬಹುದಾ?

ಇಲ್ಲ. ದಿನಗೂಲಿಗೂ ಪರಿಹಾರದ ಹಕ್ಕೈತಿ, ಸಣ್ಣ ಗುತ್ತೇದಾರ ಓಡಿಹೋದ್ರ ಕೆಲಸ ಕೊಟ್ಟ ಮೂಲ ಮಾಲೀಕನ್ನ ಕೇಳಾಕ ಬರ್ತೈತಿ. ಅದಕ್ಕ ಹಾಜರಿ ಪುಸ್ತಕದಾಗ ಹೆಸರು ಇರಬೇಕು, ದವಾಖಾನ್ಯಾಗ "ಸೈಟ್‌ನಾಗ ಆದದ್ದು" ಅಂತನ ಬರಸ್ಬೇಕು, ಬೈಕಿಂದ ಬಿದ್ದ ಅಂತ ಬರಸ್ರಿ ಅಂದ್ರ ಕೇಳಬ್ಯಾಡ್ರಿ. ಕಟ್ಟಡ ಕಾರ್ಮಿಕರ ಕಾರ್ಡ್ ಮೊದ್ಲ ಮಾಡಸ್ರಿ.

ಹಳಿ ಮ್ಯಾಲ ಏನೋ ಅಡ್ಡ ಬಿದ್ದೈತಿ, ಗಾಡಿ ಬರೋ ಟೈಮ್. ಆ ಕ್ಷಣಕ್ಕ ಏನ್ ಮಾಡಬೇಕು?

ಸಾಮಾನ ಎಳ್ಯಾಕ ಹೋಗಬ್ಯಾಡ್ರಿ, ಗಾಡಿ ಕಡೆ ಓಡ್ರಿ. ಸೈಟ್‌ನವ್ರಿಗೆ ಡಿಟೋನೇಟರ್ ಇರ್ತಾವ, ಹಳಿ ಮ್ಯಾಲ ಇಡೋ ಪಟಾಕಿ ಅಂತ ತಿಳ್ಕೋರಿ: 600 ಮೀಟರಿಗೆ ಒಂದು, 1200 ಮೀಟರಿಗೆ ಹತ್ತ ಹತ್ತ ಮೀಟರ್ ಅಂತರದಾಗ ಮೂರು, ಸಿಂಗಲ್ ಲೈನ್ ಇದ್ರ ಎರಡೂ ಕಡೆ. ಡಬಲ್ ಲೈನ್‌ನಾಗ ಬಾಜೂ ಲೈನಿಗೂ ಅಡ್ಡ ಆಗೈತಾ ನೋಡ್ರಿ, ಆಗಿದ್ರ ಅದನ್ನೂ ಕಾಯಬೇಕು. ಇನ್ನೊಬ್ಬ ಅದ ಹೊತ್ತಿಗೆ ಸ್ಟೇಷನ್ನಿಗೆ ಫೋನ್ ಹಚ್ಚಬೇಕು, ನಂಬರ್ ಮೊದಲ ಎಲ್ಲಾರ ಫೋನ್‌ನಾಗ ಇರಬೇಕು.

ಊರ ಮಂದಿಗೆ ಬಾವುಟ ಎಲ್ಲಿಂದ ಬರ್ತೈತಿ. ಕೆಂಪ ಸೀರಿ, ಕೆಂಪ ಟಾವೆಲ್ ಏನರ ಬೀಸ್ರಿ, ಅದೂ ಇಲ್ಲಂದ್ರ ಎರಡೂ ಕೈ ನೆಟ್ಟಗ ತಲಿ ಮ್ಯಾಲ ಎತ್ತಿ ನಿಲ್ರಿ, ಅದು ಡ್ರೈವರಿಗೆ ನಿಲ್ಲು ಅಂತನ ಅರ್ಥ. ರಾತ್ರಿ ಆದ್ರ ಮೊಬೈಲ್ ಟಾರ್ಚ್ ಜೋರ ಜೋರಾಗಿ ಅಡ್ಡ ಬೀಸ್ರಿ. ಹಳಿ ನಡಕ ಅಲ್ಲ, ಬಾಜೂಕ ದೂರ ನಿಂತು. ಹತ್ರ ಗೇಟ್ ಇದ್ರ ಗೇಟ್‌ಮನ್ ಕಡೆ ನೇರ ಫೋನ್ ಇರ್ತೈತಿ, ಇಲ್ಲಂದ್ರ ರೈಲ್ವೆ ಸಹಾಯವಾಣಿ 139.